ಹುತ್ತದ ಅಣಬೆ, ವಿಭೂತಿ ಹುಳು

ನನ್ನನ್ನು ಹುಳು ಮನೆಯಿಂದ ಆಚೆ ಹಾಕಿಸಿದ್ದು ಅರ್ಧ ಮಂಕರಿ ಅಣಬೆ. ಆಚೆ ಹಾಕಿದವರು ನನ್ನ ಅತ್ತೆ. ಅದಕ್ಕೆ ಒಂದು ವಾರ ಮೊದಲು ಅದೇ ಅಣಬೆಯ ಸಾರನ್ನು ಎರಡು ಸಲ ಹಾಕಿಸಿಕೊಂಡು, ತಟ್ಟೆಯನ್ನು ಬೆರಳಲ್ಲಿ ಬಳಿದು ಉಂಡವರೂ ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೋದಂತೆ ಅವರ ಮೇಲೆ ನನಗೆ ಮರುಕ ಬಂದುಬಿಡುತ್ತದೆ, ಆಮೇಲೆ ಹೇಳಲು ಬಾಯಿ ಬರುವುದಿಲ್ಲ.

ನನ್ನ ತವರು ಹನೂರು ದಾಟಿ ಕೌದಳ್ಳಿಗೆ ಹೋಗುವ ಕಡೆ, ಕಾಡಿನ ಅಂಚಿನ ಹಳ್ಳಿ. ಕೊಳ್ಳೇಗಾಲವು ಕೊಯಮತ್ತೂರು ಬಿಟ್ಟು ಮೈಸೂರಿಗೆ ಸೇರಿದ ಆಸುಪಾಸಿನಲ್ಲಿ ನನ್ನ ಮದುವೆಯಾಯಿತು. ತಾಲ್ಲೂಕಿನ ಕಾಗದಗಳು ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಹೋದವು; ನನ್ನ ತಲೆಯ ಮೇಲಿದ್ದ ಸೌದೆ ಹೊರೆ ಹೋಗಿ ಸೊಪ್ಪಿನ ಹೊರೆ ಬಂತು. ಗಂಡನ ಊರು ಸತ್ತೇಗಾಲದ ಹತ್ತಿರ. ಗದ್ದೆಯ ಜೊತೆಗೆ ಹಿಪ್ಪುನೇರಳೆ ತೋಟವಿತ್ತು, ಮನೆಯ ಹಿಂದೆ ಅತ್ತೆಯೇ ನೆಟ್ಟ ಹತ್ತಿಪ್ಪತ್ತು ಎಳೆ ಸೊಪ್ಪಿನ ಗಿಡಗಳಿದ್ದವು, ಮನೆಯೊಳಗೆ ರೇಷ್ಮೆ ಹುಳುಗಳಿದ್ದವು. ಅತ್ತೆ ಯಳಂದೂರು ಸೀಮೆಯವರು. ಹುಳು ಸಾಕುವುದನ್ನು ಅವರು ತಮ್ಮ ತಾಯಿಯಿಂದ ಕಲಿತು ಬಂದಿದ್ದರು. ಈ ಮನೆಗೆ ಹುಳು ತಂದವರೇ ಅವರು, ಹಾಗಾಗಿ ಹುಳು ಮನೆಯಲ್ಲಿ ಮಾವನವರೂ ಬಾಯಿ ತೆರೆಯುತ್ತಿರಲಿಲ್ಲ.

ಹುಳು ಮನೆ ಎಂದರೆ ಒಂದೇ ಕಿಟಕಿಯ ಉದ್ದನೆಯ ಕೋಣೆ. ಬಿದಿರಿನ ಅಟ್ಟಣೆಯ ಮೇಲೆ ಸಾಲಾಗಿ ತಟ್ಟೆಗಳು, ತಟ್ಟೆಯ ತುಂಬ ಹುಳು. ಒಳಗೆ ಹೋಗುವವರು ಕೈಕಾಲು ತೊಳೆಯಬೇಕು. ಹುಳು ಇರುವಾಗ ಒಗ್ಗರಣೆಯ ಹೊಗೆ ಅತ್ತ ಸುಳಿಯಬಾರದು. ಸಾವಿನ ಮನೆಯಿಂದ ಬಂದವರು ಹೊಸ್ತಿಲು ದಾಟಬಾರದು. 'ಸತ್ತಿದೆ' ಎನ್ನಬಾರದು, 'ಮಲಗಿದೆ' ಎನ್ನಬೇಕು. ಮೊದಲ ವರ್ಷ ನನಗೆ ಇದೆಲ್ಲ ಅತಿರೇಕ ಅನ್ನಿಸಿ ಮೂಗು ಮುರಿಯುತ್ತಿದ್ದೆ. ಎರಡನೇ ವರ್ಷಕ್ಕೆ ನಾನೇ ಇನ್ನೊಬ್ಬರನ್ನು ಗದರುತ್ತಿದ್ದೆ.

ಹುಳು ಸೊಪ್ಪು ತಿನ್ನುವ ಸದ್ದು ಮಳೆಯ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಒಂದು ದಿನವೂ ಹಾಗೆ ಕೇಳಿಸಲಿಲ್ಲ. ನನಗೆ ಕೇಳಿಸಿದ್ದು ಪಂಕ್ತಿಯಲ್ಲಿ ಕೂತು ಮಾತಿಲ್ಲದೆ ಉಣ್ಣುವ ಹಸಿದ ಜನರ ಸದ್ದು. ಹೆಸರುಕಾಳಿಗಿಂತ ಸಣ್ಣದಾಗಿ ಬಂದದ್ದು ನಾಲ್ಕು ಸಲ ಜ್ವರಕ್ಕೆ, ಅಂದರೆ ಮೇವು ಬಿಟ್ಟು ನಿದ್ದೆಗೆ, ಕೂತು, ನಾಲ್ಕು ಸಲ ಚರ್ಮ ಕಳಚಿ, ಬೆರಳುದ್ದ ಬೆಳೆದು, ಒಂದು ದಿನ ತಿನ್ನುವುದನ್ನೇ ಬಿಟ್ಟು ತಲೆಯೆತ್ತಿ ಸುತ್ತ ಹುಡುಕುತ್ತಿತ್ತು. ಹಣ್ಣಾಯಿತು ಎಂದು ಆಗ ಅದನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆವು. ಆ ಹಣ್ಣಾದ ಹುಳುವನ್ನು ಗುರುತಿಸುವುದರಲ್ಲಿ ನಾನು ಅತ್ತೆಗಿಂತ ಚುರುಕಾಗಿದ್ದೆ. ಅವರು ಒಮ್ಮೆ ನೆರೆಯವಳಿಗೆ, "ಇವಳ ಕಣ್ಣು ಉಳದ ಕಣ್ಣು ಕಣವ್ವ" ಎಂದದ್ದು ಗೋಡೆಯಾಚೆ ನಿಂತ ನನ್ನ ಕಿವಿಗೆ ಬಿದ್ದಿತ್ತು. ಓದು ಎಂಟನೇ ಕ್ಲಾಸಿಗೆ ನಿಂತಿತ್ತು, ಅಡುಗೆ ಅಷ್ಟಕ್ಕಷ್ಟೆ, ಮಕ್ಕಳಿನ್ನೂ ಆಗಿರಲಿಲ್ಲ. ಆ ಮನೆಯಲ್ಲಿ ನನಗೊಂದು ಬೆಲೆ ಇದ್ದರೆ ಅದು ಆ ಕೋಣೆಯೊಳಗೇ ಇತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗೌರಿ ಹಬ್ಬಕ್ಕೆ ತವರಿಗೆ ಹೋದೆ. ಅಲ್ಲಿ ಗುಡುಗಿ ಮಳೆ ಬಂದ ಮಾರನೆಯ ಬೆಳಗ್ಗೆ ಹುತ್ತದ ಸುತ್ತ ಅಣಬೆ ಎದ್ದಿದ್ದವು. ಈ ಅಣಬೆಯ ವಿಷಯ ಸ್ವಲ್ಪ ಹೇಳಲೇಬೇಕು. ಚಿಕ್ಕವಳಿದ್ದಾಗ ಅಪ್ಪ ಕೊಟ್ಟಿಗೆಗೆ ಕಂಬ ನಿಲ್ಲಿಸಲು ಗುಳಿ ತೋಡುತ್ತಿದ್ದರು. ನೆಲದ ಮೇಲೆ ಒಂದು ಅಣಬೆ ಇತ್ತು. ಅದರ ಬೇರಿನಂಥದ್ದು ಕೆಳಗೆ ಇಳಿಯುತ್ತಲೇ ಹೋಯಿತು, ನನ್ನ ತೋಳಿನಷ್ಟು ಉದ್ದ. ಅದರ ತುದಿಯಲ್ಲಿ ಗೆದ್ದಲಿನ ಗೂಡು. ಗೂಡಿನೊಳಗೆ ಕಂದು ಬಣ್ಣದ, ಹಳೇ ಜೇನಿನ ಹಲ್ಲೆಯಂಥ ಉಂಡೆ. ಅದರ ಮೈಮೇಲೆಲ್ಲ ಸಾಬಕ್ಕಿಯಂಥ ಬಿಳಿ ಕಾಳು. ಗೆದ್ದಲು ಹುಳುಗಳು ಆ ಕಾಳುಗಳ ನಡುವೆ ಓಡಾಡುತ್ತಿದ್ದವು; ಮುಟ್ಟುತ್ತಿದ್ದವು, ನೆಕ್ಕುತ್ತಿದ್ದವು, ಬೆಳಕು ಬಿದ್ದ ಕಡೆಗೆ ಆಗಲೇ ಮಣ್ಣು ತಂದು ಮುಚ್ಚುತ್ತಿದ್ದವು. ಅಪ್ಪ ಹಾರೆ ಕೆಳಗಿಟ್ಟು, "ಇವು ಬ್ಯಾಸಾಯ ಮಾಡ್ತವೆ ಕಣವ್ವ. ಸೊಪ್ಪುಸದೆ ತಂದು ಗೊಬ್ಬರ ಆಕಿ ಈ ಬೂಸ್ಟು ಬೆಳ್ಕತವೆ. ಮಳೆ ಜಾಸ್ತಿಯಾದ್ರೆ ಮೇಲಕ್ ಬಂದು ಅಣಬೆ ಆಯ್ತದೆ," ಎಂದರು. ಆಮೇಲೆ ಗುಳಿಯನ್ನು ಮುಚ್ಚಿ, ಕಂಬವನ್ನು ಎರಡು ಮೊಳ ಆಚೆ ನೆಟ್ಟರು. ಕೊಟ್ಟಿಗೆ ಸೊಟ್ಟಗಾಯಿತು. ಅಮ್ಮ ವರ್ಷವಿಡೀ ಬೈದಳು. ನನಗೆ ಮಾತ್ರ ಅಂದಿನಿಂದ ನೆಲದ ಮೇಲೆ ಕಾಲಿಡುವಾಗ ಕೆಳಗೆ ಯಾರೋ ಗೇಯುತ್ತಿದ್ದಾರೆ ಅನ್ನಿಸುವುದು ನಿಂತಿಲ್ಲ.

ಅಂಥ ಅಣಬೆಯನ್ನು ಮಂಕರಿಯಲ್ಲಿ ಎಲೆ ಹಾಸಿ ತಂದೆ. ಎರಡು ಬಸ್ಸು ಹತ್ತಿ ಇಳಿದು ಬಂದ ಆಯಾಸದಲ್ಲಿ ಜಗಲಿಯ ಮೇಲೆ, ಕೈಗೆ ಸಿಕ್ಕ ಸೊಪ್ಪು ಕೊಚ್ಚುವ ಮಣೆಯ ಮೇಲೇ ಅದನ್ನು ಹೆಚ್ಚಿದೆ. ತೊಳೆದಿಟ್ಟೆ, ಸುಳ್ಳು ಹೇಳುವುದಿಲ್ಲ. ಸಾರಾಯಿತು, ಹಿಟ್ಟಿನ ಜೊತೆ ಎಲ್ಲರೂ ಉಂಡರು.

ನಾಲ್ಕನೇ ದಿನ ಹುಳುಗಳು ಮಲಗತೊಡಗಿದವು. ಮೂರನೇ ಜ್ವರ ಎದ್ದಿದ್ದ, ಚೆನ್ನಾಗಿ ತಿನ್ನುತ್ತಿದ್ದ ಹುಳುಗಳು. ಬೆಳಗ್ಗೆ ಮೆತ್ತಗಿದ್ದದ್ದು ಸಂಜೆಗೆ ಬಿಗಿಯಿತು. ಮಾರನೆಯ ದಿನ ಮೈಮೇಲೆಲ್ಲ ಬಿಳಿ ಬಂತು, ಹತ್ತಿಯ ನವಿರಿನ ಹಾಗೆ; ಅದರ ಮಾರನೆಯ ದಿನ ನವಿರು ಪುಡಿಯಾಯಿತು. ಕೈಗೆತ್ತಿಕೊಂಡರೆ ಬಳಪದ ಕಡ್ಡಿ. ಸುಣ್ಣಕಟ್ಟು ರೋಗ ಎನ್ನುತ್ತಾರೆ. ಬೇರೆ ರೋಗದ ಹುಳು ಕಪ್ಪಾಗಿ ಕೊಳೆತು ನಾರುತ್ತದೆ. ಇದು ಕೊಳೆಯುವುದಿಲ್ಲ, ನಾರುವುದಿಲ್ಲ. ಸತ್ತ ಭಂಗಿಯಲ್ಲೇ, ತಲೆ ತುಸು ಎತ್ತಿ, ಹಾಗೇ ಕಲ್ಲಾಗಿ ಕೂತುಬಿಡುತ್ತದೆ.

ಮಳೆ ಚಳಿಯ ಕಾಲದ ಹುಳುವಿನ ಬೆಳೆಗಳಲ್ಲಿ ಒಂದೊಂದು ಹುಳು ಹೀಗಾಗುವುದು ಹೊಸದಲ್ಲ. ಅತ್ತೆ ಅದಕ್ಕೆ ರೋಗ ಎನ್ನುತ್ತಲೇ ಇರಲಿಲ್ಲ. ಅವರ ಕಣ್ಣಿಗೆ ಅದು ಮೈತುಂಬ ವಿಭೂತಿ ಬಳಿದುಕೊಂಡ ಹುಳು, ಮಾದಪ್ಪನ ಪಾದಕ್ಕೆ ಸಂದ ಹುಳು. ಕೊಳೆತದ್ದನ್ನು ತಿಪ್ಪೆಗೆ ಎಸೆದರೆ, ಇದನ್ನು ಮಾತ್ರ ವೀಳ್ಯದೆಲೆಯ ಮೇಲಿಟ್ಟುಕೊಂಡು ಹೋಗಿ, ಹಿತ್ತಲಿನ ಹಿಪ್ಪುನೇರಳೆ ಗಿಡದ ಬುಡದಲ್ಲಿ ಮಣ್ಣು ಕೆದಕಿ ಮಲಗಿಸಿ, ಮೇಲೆ ಅರಿಸಿನದ ನೀರು ಚಿಮುಕಿಸುತ್ತಿದ್ದರು. ತಿಂದ ಗಿಡದ ಮಡಿಲಿಗೇ ಅದು ಹೋಗಬೇಕು ಎಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ. ನನಗೂ ಅದು ಚೆನ್ನಾಗಿಯೇ ಕಾಣುತ್ತಿತ್ತು. ಎಷ್ಟೋ ಸಲ ನೀರು ಹಿಡಿದು ಜೊತೆಗೆ ಹೋಗಿದ್ದೇನೆ.

ಆದರೆ ಈ ಸಲ ಒಂದಲ್ಲ, ಎರಡಲ್ಲ, ತಟ್ಟೆ ತಟ್ಟೆಯೇ ಬಿಳುಚಿತು. ಮಾದಪ್ಪನಾದರೂ ಅಷ್ಟೊಂದು ಜನರನ್ನು ಒಟ್ಟಿಗೆ ಕರೆಯುತ್ತಾನೆಯೆ? ತಪ್ಪು ಎಲ್ಲೋ ಆಗಿರಬೇಕು. ಅತ್ತೆ ಹುಡುಕಿದರು, ಸೊಪ್ಪಿನ ಮಣೆಯ ಸಂದಿಯಲ್ಲಿ ಒಣಗಿದ ಅಣಬೆಯ ಚೂರು ಸಿಕ್ಕಿತು.

"ನಿನ್ ಅಣಬೆ ಬೂಸ್ಟು ನನ್ ಉಳನೆಲ್ಲಾ ತಿಂದಾಕ್ತಲ್ಲೇ!" ಎಂದರು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ, ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. "ಇನ್ಮ್ಯಾಲೆ ಈ ವಸ್ಲು ದಾಟ್ಬ್ಯಾಡ."

ಗಂಡನ ಮುಖ ನೋಡಿದೆ. "ಅವ್ವ ಯೋಳ್ದಂಗೆ ಕೇಳು," ಎಂದು ಅವರು ಎತ್ತಿಗೆ ನೀರು ತೋರಿಸಲು ಹೊರಟರು. ಆ ದಿನ ಆ ಎತ್ತುಗಳು ನಾಲ್ಕು ಸಲ ನೀರು ಕುಡಿದವು.

ಉಳಿದ ಕೆಲವೇ ತಟ್ಟೆಗಳ ಸದ್ದು ಕೋಣೆಯಿಂದ ಕೇಳಿಸುತ್ತಿತ್ತು. ನಾನು ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಆ ಸದ್ದು ದಿನದಿನಕ್ಕೂ ಕಡಿಮೆಯಾಯಿತು, ಕೊನೆಗೆ ನಿಂತಿತು. ಸತ್ತ ಹುಳುಗಳನ್ನು ಅತ್ತೆ ಈ ಸಲ ವೀಳ್ಯದೆಲೆಯಲ್ಲಲ್ಲ, ಮಂಕರಿಯಲ್ಲಿ ಹೊತ್ತು ಹಿತ್ತಲಿಗೆ ಹೋದರು. ನೀರು ಹಿಡಿದು ಬಾ ಎಂದು ನನ್ನನ್ನು ಕರೆಯಲಿಲ್ಲ. ನನಗೆ ಅಳು ಬಂತು. ಅತ್ತದ್ದು ಹುಳುವಿಗಾಗಿ ಅಲ್ಲ, ನನಗಾಗಿಯೇ.

ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ತಡೆಯದೆ ಹೇಳಿದೆ: "ನನ್ನ ಅಣಬೆಯಿಂದಲೇ ಆದದ್ದು ಅಂತ ಬಿತ್ತನೆ ಕೋಠಿಯವ್ರು ಯೋಳ್ಲಿ, ನಾನು ಈ ಜನ್ಮದಲ್ಲಿ ಹುಳ ಮುಟ್ಟಾಕಿಲ್ಲ."

ಬಿತ್ತನೆ ಕೋಠಿ ಎಂದರೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಜಾಗ. ಕೊಳ್ಳೇಗಾಲದಲ್ಲಿ ನಾವು ಮೊಟ್ಟೆ ತರುತ್ತಿದ್ದ ಕಡೆ ಒಬ್ಬ ವಯಸ್ಸಾದ ಪರೀಕ್ಷಕರಿದ್ದರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದ ತಾಯಿಯ ಮೊಟ್ಟೆಯನ್ನು ಮಾತ್ರ ಕೊಡುವುದು ಅವರ ಕೆಲಸ. ಅವರ ಮಾತೆಂದರೆ ಅತ್ತೆಗೆ ದೇವರು ಕೊಟ್ಟ ಹೂವು.

ಅತ್ತೆ ಸೆರಗು ಬಿಗಿದು ಎದ್ದರು. "ಆಯ್ತು ನಡಿ. ನಾನೂ ಬತ್ತೀನಿ. ನಿಂದಲ್ಲ ಅಂದ್ಬುಟ್ರೆ ಒಳುಕ್ ಬುಟ್ಕತೀನಿ," ಎಂದರು.

ಹೀಗೆ ಇಬ್ಬರು ಹೆಂಗಸರು ಒಂದು ಬೆಂಕಿಪೊಟ್ಟಣದಲ್ಲಿ ನಾಲ್ಕು ಸುಣ್ಣಕಟ್ಟಿದ ಹುಳು, ಬಾಳೆಲೆಯಲ್ಲಿ ಬದುವಿನ ಹುತ್ತದಿಂದ ಕಿತ್ತ ಹೊಸ ಅಣಬೆ ಇಟ್ಟುಕೊಂಡು ಬಸ್ಸು ಹತ್ತಿದೆವು. ಬೆಂಕಿಪೊಟ್ಟಣ ಅವರ ಕೈಲಿ, ಅಣಬೆ ನನ್ನ ಕೈಲಿ. ಒಬ್ಬರದು ಒಬ್ಬರು ಮುಟ್ಟುವಂತಿಲ್ಲ. ಕಂಡಕ್ಟರು, "ಏನಮ್ಮಾ, ಸಾರಿಗಾ?" ಎಂದ. "ಕೋರ್ಟಿಗೆ," ಎಂದೆ. ಅತ್ತೆಯ ತುಟಿ ಅಷ್ಟು ಕೋಪದಲ್ಲೂ ಒಂದು ಸಲ ಅಲುಗಿತು.

ಪರೀಕ್ಷಕರು ನಮ್ಮ ಜಗಳವನ್ನು ಪೂರ್ತಿ ಕೇಳಿದರು. ನಗಲಿಲ್ಲ. ಅಣಬೆಯ ಕೊಡೆಯ ಕೆಳಗಿನ ಮಡಿಕೆಯಿಂದ ಒಂದು ಚೂರು ಚಿವುಟಿ, ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿಟ್ಟು, ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿ, "ನೋಡಿ" ಎಂದರು.

ಮೊದಲು ನನ್ನದೇ ರೆಪ್ಪೆ ಕಂಡಿತು. ಆಮೇಲೆ ಬೆಳಕಿನ ಒಂದು ದುಂಡನೆಯ ಅಂಗಳ. ಅದರ ತುಂಬ ಕಾಳುಗಳು, ಒಂದು ತುದಿ ತುಸು ಚೂಪಾಗಿ, ನೀಳವಾಗಿ, ಒಳಗೆ ಬೆಳಕು ತುಂಬಿಕೊಂಡು ತೇಲುತ್ತಿದ್ದವು. ಒಂದು ಚಿವುಟಿನಲ್ಲಿ ಎಣಿಸಲಾಗದಷ್ಟು. ನಾನು ತಿಂದು ತೇಗಿದ ಸಾರಿನಲ್ಲಿ ಇದೆಷ್ಟಿತ್ತೋ! ಬೀಜವೇ ಇಲ್ಲದೆ ಗುಡುಗಿಗೆ ಹುಟ್ಟುತ್ತದೆ ಎಂದುಕೊಂಡಿದ್ದ ಅಣಬೆ ಮೈಯೆಲ್ಲ ಬೀಜವಾಗಿತ್ತು.

ಆಮೇಲೆ ಬೆಂಕಿಪೊಟ್ಟಣದ ಹುಳು. ಅದರ ಪುಡಿಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿ ಇಟ್ಟರು. ಇಲ್ಲಿ ದಾರಗಳು, ಕೂದಲಿಗಿಂತ ಎಷ್ಟೋ ಪಾಲು ಸಣ್ಣವು, ಒಂದರೊಳಗೊಂದು ಹೆಣೆದುಕೊಂಡು. ದಾರದ ತುದಿಯಲ್ಲಿ ಗೊಂಚಲು ಗೊಂಚಲಾಗಿ ದುಂಡು ಕಾಳು. ಸುಣ್ಣ ಅಲ್ಲವೇ ಅಲ್ಲ. ಅದು ಒಂದು ಬೆಳೆ, ಕೊಯ್ಲಿಗೆ ಬಂದ ಬೆಳೆ. ಹುಳು ಅದರ ಹೊಲ.

ನಾನು ಎಷ್ಟು ಹೊತ್ತು ನೋಡುತ್ತಿದ್ದೆನೋ, ಅತ್ತೆ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಲು ಬಾರದೆ ಕೈಯಿಂದ ಒತ್ತಿಕೊಂಡು, ಆ ಭೂತಗನ್ನಡಿಗೆ ಬಗ್ಗಿದರು. ಒಮ್ಮೆ ಅದನ್ನು ನೋಡಿದರು, ಒಮ್ಮೆ ಇದನ್ನು. ಮತ್ತೆ ಮತ್ತೆ ಬದಲಿಸಿ ಕೊಡಿ ಎಂದರು. ಕೊನೆಗೆ ತಲೆಯೆತ್ತಿ, "ಅಣಬೇದು ಅಕ್ಕಿ ಇದ್ದಂಗದೆ. ಉಳದ್ದು ರಾಗಿ ಇದ್ದಂಗದೆ. ಬ್ಯಾರೆ ಬ್ಯಾರೇನೆ ಅಲ್ವಾ ಸಾ?" ಎಂದರು. ಅಕ್ಷರ ಬಾರದ ಆ ಹೆಂಗಸು ಅಷ್ಟನ್ನು ತಾನಾಗಿ ಕಂಡುಕೊಂಡದ್ದು ಇವತ್ತಿಗೂ ನನಗೆ ಹೆಮ್ಮೆ.

"ಸರಿಯಾಗಿ ನೋಡಿದ್ರಿ," ಎಂದರು ಪರೀಕ್ಷಕರು. "ಎರಡೂ ಬೂಷ್ಟಿನ ಕುಲವೇ. ಆದರೆ ಬಹಳ ಬಹಳ ಹಿಂದೆ ಬೇರೆಯಾಗಿ ಹೋದ ದಾಯಾದಿಗಳು. ಇದು ಅದಾಗಲ್ಲ, ಅದು ಇದಾಗಲ್ಲ. ಇವರ ಅಣಬೆ ನಿಮ್ಮ ಹುಳನ ಏನೂ ಮಾಡಿಲ್ಲ."

ಅಂದರೆ ಅತ್ತೆ ಪೂರ್ತಿ ತಪ್ಪಾಗಿರಲಿಲ್ಲ. ನೆಂಟಸ್ತಿಕೆಯನ್ನು ಕಂಡಿದ್ದರು, ದೂರವನ್ನು ಕಂಡಿರಲಿಲ್ಲ. ನಾನು ಅಪ್ಪನ ಗುಳಿಯ ಕತೆ ಹೇಳಿದೆ. ಪರೀಕ್ಷಕರು ಹೌದು ಹೌದು ಎಂದು ತಲೆಯಾಡಿಸಿದರು. ಅಲ್ಲಿ ಗೆದ್ದಲು ಹುಳುಗಳು ಬೂಷ್ಟನ್ನು ಮಗುವಿನಂತೆ ಸಾಕಿ ಅದರಿಂದ ಬದುಕುತ್ತವೆ. ಇಲ್ಲಿ ಬೂಷ್ಟು ಹುಳುವಿನ ಚರ್ಮವನ್ನು ಹೊರಗಿನಿಂದ ಕೊರೆದು ಒಳಗೆ ಹೊಕ್ಕು, ಅದನ್ನೇ ಉತ್ತು ಬಿತ್ತಿ ಬೆಳೆಯುತ್ತದೆ. ಎರಡೂ ಬಿಳಿ, ಎರಡೂ ಮಳೆಗಾಲದವು, ಎರಡಕ್ಕೂ ಹುಳುವೇ ಬೇಕು. ನಡುವೆ ನಾವು, ಸೊಪ್ಪು ಹಾಕಿ ಹುಳು ಸಾಕುವವರು, ಇದೆಲ್ಲ ನಮ್ಮದೇ ಬೇಸಾಯ ಎಂದುಕೊಂಡಿದ್ದೆವು. ನನಗೆ ಆ ಕ್ಷಣ ಗೆದ್ದದ್ದೂ ಮರೆತುಹೋಯಿತು. ಇಷ್ಟು ದೊಡ್ಡ ಲೋಕ ನಮ್ಮ ಹೊಸ್ತಿಲ ಆಚೀಚೆ ಗೇಯುತ್ತಿತ್ತು, ನಾವು ಮಣೆಯ ಸಂದಿಯಲ್ಲಿ ಚೂರು ಹುಡುಕುತ್ತಿದ್ದೆವು.

"ಅಂಗಾದ್ರೆ ಎಲ್ಲಿಂದ ಬಂತು ಸಾ?" ಎಂದರು ಅತ್ತೆ.

"ಹಿಂದಿನ ಬೆಳೆಯಲ್ಲಿ ಇಂಥವು ಸಿಕ್ಕಿರಬೇಕಲ್ಲ, ಒಂದೋ ಎರಡೋ. ಅವನ್ನ ಏನ್ ಮಾಡಿದ್ರಿ?"

ಅತ್ತೆಯ ಮುಖ ಅರಳಿತು. ಹೇಳಲು ಅವರಿಗೆ ಸಂತೋಷ. ವೀಳ್ಯದೆಲೆ, ಅರಿಸಿನದ ನೀರು, ಗಿಡದ ಬುಡ, ಎಲ್ಲವನ್ನೂ ಹೇಳಿದರು. ಆ ಗಿಡದ ಎಳೆ ಸೊಪ್ಪನ್ನೇ ಮರಿ ಹುಳುವಿಗೆ ಹಾಕುವುದು ಎಂದೂ ಹೇಳಿದರು. ಈ ಸಲದ್ದನ್ನು ಮಂಕರಿಯಲ್ಲಿ ಹೊತ್ತುಕೊಂಡು ಹೋಗಿ ಅಲ್ಲೇ ಮಲಗಿಸಿದ್ದನ್ನೂ ಹೇಳಿದರು.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಗಿಹೋಯಿತು. ಹೇಳಬೇಡಿ ಎಂದು ಕೂಗಬೇಕೆನ್ನಿಸಿತು.

"ಅಮ್ಮಾ," ಎಂದರು ಮೆಲ್ಲಗೆ. "ಅಲ್ಲಿ ಕಂಡ್ರಲ್ಲ ರಾಗಿ, ಒಂದೊಂದು ಕಾಳೂ ಬಿತ್ತನೆ. ಮಣ್ಣಲ್ಲಿ ಇದ್ರೂ ಸಾಯಲ್ಲ, ಗಾಳಿಗೆ ಎದ್ದು ಸೊಪ್ಪಿನ ಮೇಲೆ ಕೂರುತ್ತೆ. ನೀವು ಹುಳನ ಮಣ್ಣು ಮಾಡಿಲ್ಲ. ಬಿತ್ತಿದೀರಿ."

ಹಿತ್ತಲಿನ ಗಿಡಗಳನ್ನು ಬುಡಸಮೇತ ಕಿತ್ತು, ಹೂತದ್ದನ್ನು ತೆಗೆದು ಸುಡಬೇಕು, ಸುಣ್ಣ ಎರಚಬೇಕು, ತಟ್ಟೆಗಳಿಗೆಲ್ಲ ಔಷಧಿ ಹೊಡೆಯಬೇಕು ಎಂದು ಅವರು ಇನ್ನೂ ಹೇಳುತ್ತಿದ್ದರು. ಕೇಳಿಸಿಕೊಂಡವಳು ನಾನೊಬ್ಬಳೇ. ಬಸ್ಸಿನಲ್ಲಿ ಅತ್ತೆ ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನ್ನ ಅಣಬೆಯನ್ನು ನಾನು ಕೋಠಿಯಲ್ಲೇ ಬಿಟ್ಟು ಬಂದಿದ್ದೆ. ಗೆದ್ದವಳಿಗೆ ಇರಬೇಕಾದ ಸಂತೋಷವನ್ನು ಎಷ್ಟು ತಡಕಿದರೂ ಸಿಗಲಿಲ್ಲ.

ಮಾರನೆಯ ಬೆಳಗ್ಗೆ ಅವರೇ ಗುದ್ದಲಿ ಹಿಡಿದರು. ತಾವೇ ನೆಟ್ಟ ಗಿಡಗಳನ್ನು ಒಂದೊಂದಾಗಿ ಕಿತ್ತರು. ಮಣ್ಣಿನೊಳಗಿಂದ ಈ ಸಲದ್ದೂ ಹಿಂದಿನ ಬೆಳೆಯದೂ ಬಂದವು. ಕೆಲವು ಇನ್ನೂ ಇಡಿಯಾಗಿ, ಬೆಳ್ಳಗೆ, ತಲೆ ತುಸು ಎತ್ತಿಕೊಂಡೇ ಇದ್ದವು. ನಾವಿಬ್ಬರೂ ಗುದ್ದಲಿ ನಿಲ್ಲಿಸಿ ನೋಡಿದೆವು. ಭಯವಾಗಿತ್ತು, ಆದರೆ ಕೈ ಮುಗಿಯಬೇಕು ಎನ್ನಿಸುವಂತೆಯೂ ಇತ್ತು. ನನ್ನ ಜೀವಮಾನದಲ್ಲಿ ಅಷ್ಟು ಶುಭ್ರವಾದ ಸಾವನ್ನು ನಾನು ಬೇರೆ ಕಂಡಿಲ್ಲ. ಒಣ ಸೆತ್ತೆ ಹಾಕಿ ರಾಶಿ ಮಾಡಿದ ಮೇಲೆ ಅತ್ತೆ ಬೆಂಕಿಕಡ್ಡಿ ನನ್ನ ಕಡೆ ಚಾಚಿದರು. "ನನ್ ಕೈಲಿ ಆಗದಿಲ್ಲ ಕಣವ್ವ. ನೀನೇ ಅಚ್ಚು."

ಹಚ್ಚಿದೆ. ಅವರು ಅತ್ತ ತಿರುಗಿ ನಿಂತಿದ್ದರು.

ದೀಪಾವಳಿ ಕಳೆದು ಹೊಸ ಮೊಟ್ಟೆ ತಂದೆವು. ಮರಿ ಒಡೆದ ದಿನ ಅತ್ತೆ ಹೊಸ್ತಿಲ ಈಚೆ ಕೂತರು, "ಓಗು, ಒಳುಕ್ಕೋಗು," ಎಂದು ನನ್ನನ್ನು ಕಳಿಸಿದರು. ತಾವು ಬರಲಿಲ್ಲ. ಸೊಪ್ಪು ಕೊಚ್ಚಲೂ ಇಲ್ಲ. ಕೈಯನ್ನು ಬೂದಿ ಹಾಕಿ ತೊಳೆದರು, ಸೀಗೆಪುಡಿ ಹಾಕಿ ತೊಳೆದರು, ಪರೀಕ್ಷಕರು ಹೇಳಿದ್ದ ಔಷಧಿ ನೀರಿನಲ್ಲೂ ಅದ್ದಿದರು. ಆಮೇಲೆ ಬಾಗಿಲ ಬೆಳಕಿಗೆ ಅಂಗೈ ಹಿಡಿದು ನನ್ನನ್ನು ಕರೆದರು.

"ನೋಡು, ಏನಾರ ಕಾಣ್ತದಾ?"

"ಏನೂ ಇಲ್ಲ ಅತ್ತೆ. ಬನ್ನಿ ಒಳಕ್ಕೆ."

"ಕಾಣಾಕಿಲ್ವಲ್ಲ ಅದು," ಎಂದು ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡರು. ಎಷ್ಟು ಕರೆದರೂ ಏಳಲಿಲ್ಲ. ಗಂಡ ಕರೆದರು, ಮಾವನವರು ಕರೆದರು. ನನಗಂತೂ ಕೋಪವೇ ಬಂತು. ನನ್ನನ್ನು ಬೈದು ಆಚೆ ಹಾಕಿದ್ದವರು ಬೈಯದೆ ತಮ್ಮನ್ನೇ ಆಚೆ ಹಾಕಿಕೊಂಡರೆ ನಾನು ಯಾರ ಜೊತೆ ಜಗಳ ಆಡಲಿ? ಆ ಬೆಳೆಯುದ್ದಕ್ಕೂ ಅವರು ಹೊರಗೆ ಕೂತು ಸದ್ದು ಕೇಳಿಯೇ ಹೇಳುತ್ತಿದ್ದರು, ಮೂಲೆಯ ತಟ್ಟೆಗೆ ಸೊಪ್ಪು ಸಾಲದು, ಈಗ ಜ್ವರಕ್ಕೆ ಕೂರುತ್ತವೆ ತಡಿ ಎಂದು. ಒಂದು ಸಲವೂ ತಪ್ಪಲಿಲ್ಲ.

ಒಂದೇ ಒಂದು ಹುಳುವೂ ಬಿಳುಚಲಿಲ್ಲ. ಗೂಡು ಬಲಿತ ಬೆಳಗ್ಗೆ ನಾನೊಂದು ಚಂದ್ರಿಕೆಯನ್ನು ಹೊತ್ತು ಹೊರಗೆ ತಂದು ಅವರ ಎದುರಿಗೆ ಗೋಡೆಗೆ ಒರಗಿಸಿದೆ. ಸಂದುಸಂದಿನಲ್ಲೂ ಗೂಡು, ತಿಳಿ ಹಸಿರಿನ ಹಳದಿ. ಅತ್ತೆ ಎದ್ದು ಬಂದರು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು, ಬಗ್ಗಿದರು, ಗೂಡುಗಳಿಗೆ ಹಣೆ ತಾಗಿಸಿ ನಿಂತರು. ಬಹಳ ಹೊತ್ತು ಹಾಗೇ ನಿಂತಿದ್ದರು. ಕೈ ಮಾತ್ರ ಮುಂದೆ ತರಲಿಲ್ಲ.